ಬಿಷಪಮ್ಮನ ತಕರಾರು

ಅವಳನ್ನು ಬಿಷಪ್ ಮಾಡಿದ ದಿನ ಚರ್ಚಿನಲ್ಲಿ ಎಲ್ಲವೂ ಸುಸೂತ್ರವಾಗಿಯೇ ನಡೆಯುತ್ತಿತ್ತು, ಆರ್ಗನ್ ನುಡಿಸುವ ಮೇಷ್ಟ್ರು ಕೆಡಿಸುವವರೆಗೆ.

ಆ ಆರಾಧನೆಯಲ್ಲಿ ಒಂದು ಗಳಿಗೆ ಬರುತ್ತದೆ. ಹಿರಿಯ ಬಿಷಪ್ ಸಭೆಯತ್ತ ತಿರುಗಿ, ಇವಳನ್ನು ನಿಮ್ಮ ಬಿಷಪ್ ಎಂದು ಒಪ್ಪುತ್ತೀರಾ, ತಕರಾರಿದ್ದವರು ಈಗಲೇ ಹೇಳಿ ಎಂದು ಕೇಳುತ್ತಾರೆ. ಕೇಳುವುದು ಪದ್ಧತಿ, ಯಾರೂ ತುಟಿ ಬಿಚ್ಚದಿರುವುದೂ ಪದ್ಧತಿಯೇ. ಅಂದು ಮಾತ್ರ ಮೊದಲ ಸಾಲಿನಲ್ಲಿ ನಿವೃತ್ತ ಜಡ್ಜ್ ತಾತ ಊರುಗೋಲು ಊರಿ ಎದ್ದು ನಿಂತರು.

"ನನ್ನ ತಕರಾರಿದೆ. ಹೆಣ್ಣುಮಗಳೊಬ್ಬಳು..."

ಅಷ್ಟೇ ಕೇಳಿಸಿದ್ದು. ಬಲಿಪೀಠದ ಪಕ್ಕದ ಅಟ್ಟದಿಂದ ಆರ್ಗನ್ ಗುಡುಗಿತು. ಕಿಟಕಿಯ ಗಾಜೆಲ್ಲ ಅದುರಿ, ಹಿಂದಿನ ಸಾಲಿನ ಕೂಸೊಂದು ಕಿಟಾರನೆ ಕಿರುಚಿತು. ಜಡ್ಜ್ ತಾತನ ಬಾಯಿ ಆಡುತ್ತಿತ್ತು, ಮಾತು ಮಾತ್ರ ಯಾರಿಗೂ ಮುಟ್ಟಲಿಲ್ಲ. ಕೊನೆಗೆ ಅವರು ಕೈಚೆಲ್ಲಿ ಕೂತರು. ಜನ ಮುಸಿಮುಸಿ ನಕ್ಕರು. ಮೇಷ್ಟ್ರ ಕೈ ತಪ್ಪಿರಬೇಕು, ಪಾಪ ಎಂದುಕೊಂಡರು.

ಅವಳು ನಗಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಆ ತಕರಾರಿಗಾಗಿ ಅವಳು ಅರ್ಧ ಆಯಸ್ಸು ಕಾದಿದ್ದಳು. ಹುಡುಗಿಯಾಗಿದ್ದಾಗ ಪಾದ್ರಿಯಾಗುತ್ತೇನೆ ಎಂದದ್ದಕ್ಕೆ ಮನೆಯವರು ಹುಬ್ಬೇರಿಸಿದ್ದರು. ಮದುವೆಯಾಗಬೇಕಿದ್ದವನು, ಪಾದ್ರಿಗಳ ಆ ಬಿಳಿ ಕಾಲರ್ ಬೇಕೋ ನಾನು ಬೇಕೋ ಎಂದು ಕೇಳಿದ್ದ. ಕಾಲರ್ ಆದರೆ ಒಗೆದು ಇಸ್ತ್ರಿ ಹಾಕಿದರೆ ನೆಟ್ಟಗಾಗುತ್ತದೆ ಎಂದು ಹೇಳಿ ಎದ್ದು ಬಂದಿದ್ದಳು. ಹೆಂಗಸರಿಗೆ ಪಾದ್ರಿ ಪಟ್ಟವೇ ಇಲ್ಲದ ವರ್ಷಗಳಲ್ಲಿ ಆಸ್ಪತ್ರೆಯ ವಾರ್ಡುಗಳಲ್ಲಿ ಸಾಯುವವರ ಕೈ ಹಿಡಿದು ಕೂತಳು, ಚರ್ಚಿನಲ್ಲಿ ಕುರ್ಚಿ ಜೋಡಿಸಿದಳು, ತನಗಿಂತ ಕಿರಿಯ ಹುಡುಗರು ಪಟ್ಟವೇರುವುದನ್ನು ಕಂಡು ಚಪ್ಪಾಳೆ ತಟ್ಟಿದಳು. ನಿಯಮ ಬದಲಾದಾಗ ಪಾದ್ರಿಯಾದಳು, ಈಗ ಬಿಷಪ್ಪೂ ಆದಳು. ಯಾರಾದರೂ ಎದುರೆದುರೇ ತಕರಾರು ಹೇಳಿದರೆ ಏನು ಉತ್ತರ ಕೊಡಬೇಕೆಂದು ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಮನಸ್ಸಿನಲ್ಲೇ ಹೇಳಿಕೊಂಡು ಬಾಯಿಪಾಠ ಮಾಡಿಟ್ಟಿದ್ದಳು. ಕೊನೆಗೂ ಕೇಳುವವರೊಬ್ಬರು ಎದ್ದರೆ, ಈ ಮಹಾನುಭಾವ ಮೇಷ್ಟ್ರು ಅವರ ಬಾಯಿ ಮುಚ್ಚಿಸಿಬಿಟ್ಟರಲ್ಲ.

ಆರಾಧನೆ ಮುಗಿದ ಮೇಲೆ, ನಿಲುವಂಗಿ ಕಳಚುವ ಕೋಣೆಯಲ್ಲಿ ಮೇಷ್ಟ್ರು ಒಬ್ಬರೇ ಸಿಕ್ಕರು.

"ನನ್ನ ಪರ ವಕಾಲತ್ತು ವಹಿಸೋಕೆ ನಿಮಗೆ ಯಾರು ಹೇಳಿದ್ರು, ಮೇಷ್ಟ್ರೇ?"

"ಕೈ ತಪ್ಪಿತು."

"ನಿಮ್ಮ ಕೈ ತಪ್ಪಿದ್ದನ್ನ ನಾನು ಒಂದು ದಿನಾನೂ ಕಂಡಿಲ್ಲ. ನಾಳೆ ಜನ ಏನಂತಾರೆ? ಉತ್ತರ ಕೊಡೋ ತಾಕತ್ತಿಲ್ಲದೆ ಆರ್ಗನ್ ಹಿಂದೆ ಬಚ್ಚಿಟ್ಟುಕೊಂಡಳು ಅಂತಾರೆ."

ಅವರು ಕನ್ನಡಕದ ಮೇಲಿನಿಂದ ಅವಳನ್ನು ಒಮ್ಮೆ ನೋಡಿದರು. ನೋಟ ಅವಳ ಕಣ್ಣಿಗೆ ಬಂದು, ಅಲ್ಲಿ ನಿಲ್ಲಲಾರದೆ ಮೇಲಕ್ಕೆ ಹೋಯಿತು. "ಟೋಪಿ ಸ್ವಲ್ಪ ಎಡಕ್ಕೆ ವಾಲಿದೆ, ಬಿಷಪಮ್ಮ" ಎಂದು ಹೇಳಿ ಹೊರಟುಹೋದರು.

ಕನ್ನಡಿ ನೋಡಿದಳು. ವಾಲಿತ್ತು. ಅದಕ್ಕೂ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಹಿರಿಯ ಪಾದ್ರಿಗಳು ಸುದ್ದಿ ತಂದರು. ಮೇಷ್ಟ್ರು ಕೆಲಸ ಬಿಡುತ್ತಾರಂತೆ. ಈ ತಿಂಗಳ ಕೊನೆಗೆ ನದಿಯಾಚೆಯ ಶಾಲೆಯೊಂದಕ್ಕೆ ಸಂಗೀತ ಕಲಿಸಲು ಹೋಗುತ್ತಾರಂತೆ.

ಸರಿ, ಹೋಗಲಿ ಎಂದಳು. ಹಾಗೆಂದವಳಿಗೆ ಕುಂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೊಸ ಆಫೀಸಿನ ಕುರ್ಚಿಯನ್ನು ಕಿಟಕಿಯ ಬಳಿ ಎಳೆದಳು, ಬೆಳಕು ಜಾಸ್ತಿ ಎಂದು ಬಾಗಿಲ ಬಳಿ ತಂದಳು. ಕಾಫಿ ಆರಿತು, ಇನ್ನೊಂದು ತರಿಸಿದಳು, ಅದೂ ಆರಿತು. ಕೆಳಗೆ ಚರ್ಚಿನಲ್ಲಿ ಯಾರೋ ಆರ್ಗನ್ನಿನ ಒಂದೇ ಸ್ವರವನ್ನು ಮತ್ತೆ ಮತ್ತೆ ಒತ್ತಿ ಪರೀಕ್ಷಿಸುತ್ತಿದ್ದರು. ಯಾರೋ ಏನು, ಅವರೇ. ಭಾನುವಾರ ಪ್ರಸಂಗಪೀಠದಿಂದ ಉಪದೇಶ ಮುಗಿಸಿ ಇಳಿದಾಗ ಅಟ್ಟದಿಂದ ಆ ಕನ್ನಡಕ ಇಣುಕದಿದ್ದರೆ ತಾನು ಯಾರಿಗಾಗಿ ಅಷ್ಟು ಚೆನ್ನಾಗಿ ಮಾತಾಡಬೇಕು? ಈ ಪ್ರಶ್ನೆ ಹುಟ್ಟಿದ್ದೇ ತಡ ಅವಳಿಗೆ ಗಾಬರಿಯಾಯಿತು.

ಊಟಕ್ಕೆ ಮನೆಗೆ ಹೋದರೆ, ಜೊತೆಯಲ್ಲೇ ಇರುವ ಅಕ್ಕ ಇವಳ ಮುಖ ನೋಡಿಯೇ ವಿಷಯ ಹಿಡಿದಳು.

"ಊರಿಗೆಲ್ಲ ಮದುವೆ ಮಾಡಿಸ್ತೀಯ. ನಿನಗೆ ಏನಾಗಿದೆ ಅಂತ ನಿನಗೇ ಗೊತ್ತಿಲ್ಲ. ನಿನ್ನೆ ಮೇಷ್ಟ್ರಿಗೆ ಬೈದೆ ಅಂದ್ಯಲ್ಲ, ಹೋಗಿ ಸಾರಿ ಕೇಳು."

ಬರಿಗೈಲಿ ಸಾರಿ ಕೇಳುವುದು ಬಿಷಪಮ್ಮನ ಜಾಯಮಾನವಲ್ಲ. ಮೊದಲು ಆದ ಹಾನಿ ಸರಿಪಡಿಸಬೇಕು, ಆಮೇಲೆ ಮೇಷ್ಟ್ರ ಬಳಿ ಹೋಗಿ, ಎಲ್ಲ ಸರಿಹೋಯಿತು, ಹೋಗಬೇಡಿ ಎನ್ನಬೇಕು. ಹಾಗೆಂದು ಲೆಕ್ಕ ಹಾಕಿ ನೇರವಾಗಿ ಜಡ್ಜ್ ತಾತನ ಮನೆಗೆ ನಡೆದಳು. ಅಂದು ಹೇಳಲಾಗದ್ದನ್ನು ಇಂದು ಪೂರ್ತಿ ಹೇಳಿ ಎಂದು ಎದುರು ಕೂತಳು.

ತಾತ ಬಿಡುತ್ತಾರೆಯೇ? ಗ್ರಂಥದ ವಾಕ್ಯ, ಹಿಂದಿನವರ ನಡವಳಿಕೆ, ತಮ್ಮ ತಾಯಿಯ ಅಭಿಪ್ರಾಯ ಎಲ್ಲವನ್ನೂ ಬಿಡಿಬಿಡಿಸಿ ಹೇಳಿದರು. ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ಆಮೇಲೆ ತನ್ನ ಉತ್ತರ ಹೇಳಿದಳು, ಒಂದು ಮಾತೂ ಬಿಡದೆ. ಹೇಳಿ ಮುಗಿಸಿದರೂ ಎದೆ ಹಗುರಾಗಲಿಲ್ಲ, ಅದೇ ಸೋಜಿಗ.

"ಉತ್ತರ ಚೆನ್ನಾಗಿದೆ. ನಾನು ಒಪ್ಪಲ್ಲ, ಅದು ಬೇರೆ ಮಾತು" ಎಂದರು ತಾತ. ಆಮೇಲೆ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ, "ಆದ್ರೆ ಮೇಷ್ಟ್ರ ಮೇಲೆ ನನಗೆ ಬೇಜಾರಿಲ್ಲ. ಪಾಪ, ಅವನೇನು ಮಾಡ್ತಾನೆ" ಎಂದರು.

ಅಂದರೇನು ಎಂದು ಕೇಳಿದಳು.

"ಆರ್ಗನ್ ಮುಂದೆ ಕೂತವನ ಬೆನ್ನು ನಮ್ಮ ಕಡೆ. ಪಾದ್ರಿ ಏನು ಮಾಡ್ತಿದಾರೆ ಅಂತ ತಿಳಿಯೋಕೆ ಅವನ ತಲೆ ಮೇಲೊಂದು ಕನ್ನಡಿ ಕಟ್ಟಿದಾರೆ. ನಾನು ಕೂರೋ ಜಾಗದಿಂದ ಅದರಲ್ಲಿ ಅವನ ಮುಖ ಕಾಣ್ಸುತ್ತೆ. ನೀನು ಪ್ರಸಂಗ ಮಾಡೋವಾಗ ಅವನಿಗಲ್ಲಿ ಯಾವ ಕೆಲಸಾನೂ ಇಲ್ಲ. ಆದ್ರೂ ಕನ್ನಡಿ ಬಿಟ್ಟು ಕಣ್ಣು ತೆಗೆಯಲ್ಲ. ನನಗೆ ಕಿವಿ ಮಂದ, ಮಗಳೇ. ಕಣ್ಣಲ್ಲ."

ಅಲ್ಲಿಂದ ಚರ್ಚಿಗೆ ಅವಳು ನಡೆದು ಬಂದಳೋ ಓಡಿ ಬಂದಳೋ, ನೋಡಿದವರು ಹೇಳಬೇಕು. ಅಟ್ಟದ ಕಡಿದಾದ ಮೆಟ್ಟಿಲಲ್ಲಿ ನಿಲುವಂಗಿ ಕಾಲಿಗೆ ಸಿಕ್ಕಿಕೊಂಡಿತು. ಹೋಗಬೇಡಿ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

ಮೇಷ್ಟ್ರು ಅಂಗಿಯ ತೋಳು ಮಡಚಿ ಹಾಡಿನ ಪುಸ್ತಕಗಳನ್ನು ಕಟ್ಟುತ್ತಿದ್ದರು. ಸಂಜೆಯ ಬಿಸಿಲು ಅವರ ನರೆತ ಕೂದಲ ಮೇಲೆ ಬಿದ್ದಿತ್ತು. ಅವಳು ಏದುಸಿರು ಬಿಡುತ್ತಾ ಕಂಬಕ್ಕೆ ಒರಗಿದಳು.

"ಜಡ್ಜ್ ತಾತನ ತಕರಾರು ಕೇಳ್ಕೊಂಡು ಬಂದೆ. ಕನ್ನಡಿ ವಿಷಯಾನೂ ಹೇಳಿದ್ರು."

ಮೇಷ್ಟ್ರ ಕಿವಿ ಕೆಂಪಾಯಿತು. ಕೂತುಕೊಳ್ಳಲು ಹೋಗಿ ಮೊಣಕೈ ಕೀಲಿಮಣೆಯ ಮೇಲೆ ಬಿದ್ದು, ಆರ್ಗನ್ ಅಪಸ್ವರದಲ್ಲಿ ನರಳಿತು. ಈ ಸಲ ನಿಜವಾಗಿಯೂ ಕೈ ತಪ್ಪಿತ್ತು.

ಆಮೇಲೆ ತಡವರಿಸುತ್ತಾ ಎಲ್ಲ ಹೇಳಿದರು. ಬೈದಿದ್ದಕ್ಕೆ ಹೋಗುತ್ತಿಲ್ಲ, ಅವಳು ಆಯ್ಕೆಯಾದ ದಿನವೇ ಹೋಗುವುದೆಂದು ನಿಶ್ಚಯಿಸಿದ್ದರು. ಅವಳು ಪಾದ್ರಿಯಾಗಿದ್ದಷ್ಟು ವರ್ಷ, ತಾವು ಮನಸ್ಸಿನಲ್ಲಿದ್ದದ್ದನ್ನು ಬಾಯಿ ಬಿಟ್ಟರೆ, ನೋಡಿ, ಇವಳು ಚರ್ಚಿಗೆ ಬಂದದ್ದೇ ಗಂಡು ಹುಡುಕಲು ಎಂದು ಜನ ಆಡಿಕೊಂಡಾರು, ಅವಳ ದಾರಿಗೆ ಅಡ್ಡವಾದೀತು ಎಂದು ಸುಮ್ಮನಿದ್ದರು. ಈಗ ಅವಳು ಬಿಷಪ್, ಇವರು ಅವಳ ಕೈಕೆಳಗಿನ ನೌಕರ. ಕೈಕೆಳಗಿನವರೊಡನೆ ಅಂಥ ಸಲಿಗೆ ಸಲ್ಲದೆಂದು ಚರ್ಚಿನ ನಿಯಮವಿದೆ. ಅತ್ತ ದರಿ, ಇತ್ತ ಪುಲಿ.

"ಆ ನಿಯಮ ಬಂದಾಗ ಮೊದಲು ಕೈ ಎತ್ತಿದ್ದೇ ನೀವು" ಎಂದರು ಮೇಷ್ಟ್ರು.

ಎತ್ತಿದ್ದಳು. ಇಂದು ಕೇಳಿದರೂ ಎತ್ತುತ್ತಿದ್ದಳು. ಅದೇ ಅವಳ ಸಂಕಟ.

"ಕೆಲಸ ಬಿಟ್ಟ ಮೇಲೆ ಏನು ಮಾಡಬೇಕು ಅಂತಿದ್ರಿ?"

"ಹೊರಗಿನವನ ಹಾಗೆ ನಿಮ್ಮ ಮನೆಗೆ ಬರೋಣ ಅಂತಿದ್ದೆ."

"ಬಂದು?"

"ಅದನ್ನ ಈಗ ಹೇಳೋ ಹಾಗಿಲ್ಲ, ಬಿಷಪಮ್ಮ. ಇನ್ನೂ ನಿಮ್ಮ ಸಂಬಳದವನು ನಾನು."

ಅವಳೂ ಹೇಳುವ ಹಾಗಿರಲಿಲ್ಲ. ಮೂರು ಮಾರು ದೂರದಲ್ಲಿ ಅವರು ಕೂತಿದ್ದರು, ಆ ಮೂರು ಮಾರು ದಾಟಲು ಅವಳೇ ಒಪ್ಪಿದ ನಿಯಮ ಬಿಡುತ್ತಿರಲಿಲ್ಲ. ಹೋಗಬೇಡಿ ಎನ್ನಲು ಬಂದವಳು ಆ ಮಾತನ್ನು ನುಂಗಿಕೊಂಡಳು.

"ಹಾಗಾದ್ರೆ ಹೋಗಿ" ಎಂದಳು.

ಮೇಷ್ಟ್ರು ತಲೆಯೆತ್ತಿದರು. ಅವಳ ಕಣ್ಣು ನೋಡಿದರು. ಈ ಸಲ ನೋಟ ಮೇಲಕ್ಕೆ ಓಡಿಹೋಗಲಿಲ್ಲ.

"ತಿಂಗಳ ಕೊನೆಗೆ..."

"ತಿಂಗಳ ಕೊನೆ ಯಾಕೆ? ಇವತ್ತೇ ಹೋಗಿ."

"ಭಾನುವಾರ ಬಾರಿಸೋರು ಯಾರು?"

"ಯಾರೂ ಬೇಡ. ಜನ ಬರೀ ಬಾಯಲ್ಲಿ ಹಾಡ್ತಾರೆ, ಶ್ರುತಿ ತಪ್ಪಿದ್ರೆ ತಪ್ಪಲಿ. ನನಗೆ ಐವತ್ತಮೂರು ವರ್ಷ, ಮೇಷ್ಟ್ರೇ. ಬೇಗ ಹೋಗಿ."

ಮೇಷ್ಟ್ರು ಪುಸ್ತಕದ ಕಟ್ಟನ್ನು ಅಲ್ಲೇ ಬಿಟ್ಟು, ಕೋಟು ಎಲ್ಲಿಟ್ಟೆನೆಂದು ಹುಡುಕತೊಡಗಿದರು.