ಖಾಲಿ ಬಿಟ್ಟ ತಾರೀಖು

"ನನ್ನ ಮಗಳಿಗೆ ಇನ್ನೂ ಮದುವೇನೇ ಆಗಿಲ್ಲ ಕಣ್ರೀ. ಅಷ್ಟರಲ್ಲಿ ಗಂಡನ್ನ ಸಾಯಿಸಿಬಿಟ್ರಾ ನೀವು?"

ಫೋನಿನಾಚೆಯ ಗಂಡಸಿನ ಕೂಗು ಇಡೀ ಕೋಣೆಗೆ ಕೇಳಿಸಿತು. ಮಧುಶ್ರೀ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಳು. ಬೆಳಿಗ್ಗೆ ಮನೆಗಳಿಗೆ ಹಂಚಿದ ಹೊಸ ವಿವರದ ಹಾಳೆ ನೋಡಿ ಬಂದ ನಾಲ್ಕನೇ ಫೋನು ಇದು.

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅನಂತರಾಮು ಅವರ ವಧೂವರ ಮಾಹಿತಿ ಕೇಂದ್ರ ಇಪ್ಪತ್ತು ವರ್ಷದಿಂದ ಚಪ್ಪಲಿ ಡಬ್ಬಗಳಲ್ಲಿ ಜೋಡಿಸಿಟ್ಟ ಕಾರ್ಡುಗಳ ಮೇಲೆ ನಡೆಯುತ್ತಿತ್ತು. 2004ರ ಆಷಾಢದಲ್ಲಿ, ಮದುವೆ ಮಾತಿಗೆ ಯಾರೂ ಬಾರದ ಆ ಬಿಡುವಿನ ತಿಂಗಳಲ್ಲಿ, ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುವುದೆಂದು ಅವರು ತೀರ್ಮಾನಿಸಿದ್ದರು. ಏರಿಸುವ ಕೆಲಸ ಮಧುಶ್ರೀಯದು.

ಈಗ ಸಾಫ್ಟ್‌ವೇರ್ ಕಂಪನಿಯಿಂದ ಬಂದ ಹುಡುಗ ಬಾಗಿಲಲ್ಲಿ ನಿಂತಿದ್ದ. ಹೆಗಲಿಗೆ ಬ್ಯಾಗು, ಕೈಯಲ್ಲಿ ಹೆಲ್ಮೆಟ್ಟು.

"ನಾನು ಮೌನೇಶ ರೀ. ಬಿಟಿಎಂ ಆಫೀಸಿಂದ. ಏನೋ ತೊಂದರಿ ಆಗೇದಂತ..."

"ಬನ್ನಿ. ನೀವೇ ನೋಡಿ." ಮಧುಶ್ರೀ ಪರದೆಯನ್ನು ಅವನತ್ತ ತಿರುಗಿಸಿದಳು. "ಬೆಳಿಗ್ಗೆ ಒಟ್ಟಿಗೇ ಉಳಿಸಿದ ನಾನೂರು ಜನ ವಧೂವರರು. ಎಲ್ಲರ ಗಂಡ ಹೆಂಡ್ತೀರೂ ಇವತ್ತೇ ತೀರ್ಕೊಂಡಿದ್ದಾರೆ."

ಪರದೆಯ ಮೇಲೆ 'ಪತಿ/ಪತ್ನಿ ತೀರಿಕೊಂಡ ದಿನಾಂಕ' ಎಂಬುದರ ಮುಂದೆ 21-06-2004 ಎಂದಿತ್ತು. ಮುಂದಿನ ಕಾರ್ಡಿನಲ್ಲೂ ಅದೇ. ಅದರ ಮುಂದಿನದರಲ್ಲೂ.

ಮೌನೇಶ ತಲೆ ಕೆರೆದುಕೊಂಡ.

"ಅದು ಡೇಟ್ ಪಿಕ್ಕರ್ ರೀ, ತಾರೀಖಿನ ಡಬ್ಬಿ. ಅದಕ್ಕ ಖಾಲಿ ಇರೂದು ಗೊತ್ತಿಲ್ಲ. ಯಾವ ತಾರೀಖೂ ಕೊಡಲಿಲ್ಲಂದ್ರ ಇವತ್ತಿಂದ ತಾನೇ ಹಾಕ್ಕೋತದ."

"ಖಾಲಿ ಇರೋದೇ ಗೊತ್ತಿಲ್ಲದ ಡಬ್ಬೀನ ಯಾಕ್ರೀ ಮದುವೆ ಆಫೀಸಿಗೆ ತಂದು ಹಾಕಿದ್ರಿ?"

"ತಪ್ಪಾತ್ರಿ. ಹಂಗಂದ್ರ ಆ ಸಾಲನ್ನ ತೆಗೆದುಬಿಡೂಣೇನು? ಅದು ಯಾರಿಗೆ ಬೇಕು..."

"ನನಗೆ ಬೇಕು."

ಮಾತು ಬಾಯಿಂದ ಜಾರಿಬಿಟ್ಟಿತ್ತು. ಅವಳ ದನಿ ಮೊದಲಿನಂತಿರಲಿಲ್ಲ.

ಮೌನೇಶ ತಲೆಯೆತ್ತಿ ನೋಡಿದ. ಇಪ್ಪತ್ತೇಳು ಇಪ್ಪತ್ತೆಂಟರ ಹೆಣ್ಣು. ಬರಿದಾದ ಹಣೆ. ಫ್ಯಾನಿನ ಗಾಳಿಗೆ ಗೋಡೆಯ ಪಂಚಾಂಗ ಪಟಪಟ ಎನ್ನುತ್ತಿತ್ತು.

"ಇಲ್ಲದವರಿಗೆ ಖಾಲಿ ಇರ್ಲಿ," ಅವಳು ಮೆಲ್ಲಗೆ ಅಂದಳು. "ಇರೋವ್ರಿಗೆ ಇರೋ ಹಾಗೇ ಇರ್ಲಿ. ಅಷ್ಟು ಮಾಡಕ್ಕಾಗುತ್ತಾ?"

"ಮೂರು ದಿನಾ ಕೊಡ್ರಿ ಮೇಡಂ," ಅಂದ ಮೌನೇಶ. "ಮಾಡ್ತೀನಿ."

* * *

ಮೂರು ದಿನವೂ ಅವನು ಬಂದ. ಅವಳ ಪಕ್ಕದ ಮೇಜಿನಲ್ಲೇ ಕುಳಿತು ಕೀಲಿಮಣೆ ಕುಟ್ಟಿದ. ನಡುನಡುವೆ ಕಂಪ್ಯೂಟರನ್ನೇ ಬೈಯುತ್ತಿದ್ದ. "ಏ, ನಿನಗ ಎಷ್ಟ್ ಸಲ ಹೇಳ್ಬೇಕು? ಬ್ಯಾಡಂದ್ರ ಬ್ಯಾಡ. ತಾರೀಖು ಹಾಕ್ಕೋಬ್ಯಾಡ."

ಎರಡನೇ ದಿನ ಅವಳಿಗೆ ನಗು ಬಂತು. ಬಂದ ಕೂಡಲೇ ಗಾಬರಿಯಾಯಿತು. ಗಂಡ ಮನೋಜ್ ಹೋದಮೇಲೆ ತಾನು ಹೀಗೆ ಕಾರಣವಿಲ್ಲದೆ ನಕ್ಕದ್ದು ಅವಳಿಗೆ ನೆನಪಿರಲಿಲ್ಲ.

ಗುರುವಾರ ಸಂಜೆ ಅವನು ಕುರ್ಚಿಯಿಂದ ಎದ್ದ. "ಬರ್ರಿ. ನೋಡ್ರಿ."

ತಾರೀಖಿನ ಪಕ್ಕದಲ್ಲಿ ಈಗ ಒಂದು ಪುಟ್ಟ ಚೌಕವಿತ್ತು. ಅದರಲ್ಲಿ ಟಿಕ್ ಇದ್ದರೆ ತಾರೀಖು. ಟಿಕ್ ತೆಗೆದರೆ ತಾರೀಖು ಮಾಯವಾಗಿ ಡಬ್ಬಿ ಬೆಳ್ಳಗಾಗುತ್ತಿತ್ತು.

ಅವಳು ಟಿಕ್ ತೆಗೆದಳು. ಬೆಳ್ಳಗಾಯಿತು. ಹಾಕಿದಳು. ತೆಗೆದಳು. ಮತ್ತೆ ಹಾಕಿದಳು. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ!

"ಒಂದು ಖರೇ ತಾರೀಖು ಹಾಕಿ ಉಳಿಸ್ರಿ," ಅಂದ ಅವನು. "ಮುಚ್ಚಿ ತೆರೆದ್ರೂ ಅದು ಹಂಗ ನಿಲ್ತದೇನು ನೋಡೂಣ."

ಅವಳ ಬೆರಳು ನಿಂತಿತು. ಅವಳಿಗೆ ಗೊತ್ತಿದ್ದ ಖರೇ ತಾರೀಖು ಒಂದೇ. 08-10-2001 ಎಂದು ಒತ್ತಿದಳು. ಉಳಿಸಿದಳು. ಮುಚ್ಚಿ ತೆರೆದಳು. ಅದು ಹಾಗೆಯೇ ನಿಂತಿತ್ತು.

ಮೌನೇಶ ಆ ತಾರೀಖನ್ನು ನೋಡಿದ. ಯಾರದು ಎಂದು ಕೇಳಲಿಲ್ಲ. ಕೆಳಗಿಳಿದು ಹೋಗಿ ಬೈ-ಟೂ ಕಾಫಿ ತಂದು, ಹೆಚ್ಚು ತುಂಬಿದ್ದ ಲೋಟವನ್ನು ಅವಳ ಮುಂದಿಟ್ಟ.

'ಯಾಕೆ ಕೇಳಲಿಲ್ಲ?' ಆ ರಾತ್ರಿ ಶ್ರೀನಗರದ ಮನೆಯಲ್ಲಿ ಅನ್ನಕ್ಕೆ ಸಾರು ಕಲಸುತ್ತ ಅವಳು ಯೋಚಿಸಿದಳು. ಎಲ್ಲರೂ ಕೇಳುತ್ತಾರೆ. ಕೇಳಿ ಅಯ್ಯೋ ಅನ್ನುತ್ತಾರೆ. ಇವನು ಕಾಫಿ ತಂದ...

"ಏನೇ, ಸಾರಿಗೆ ಉಪ್ಪಿಲ್ವಾ?" ಅತ್ತೆ ಲಕ್ಷ್ಮಮ್ಮ ಕೇಳಿದರು.

"ಸರಿಯಾಗಿದೆ ಅತ್ತೆ."

"ಮತ್ಯಾಕೆ ಅನ್ನದ ಜೊತೆ ನಗ್ತಾ ಇದೀಯಾ?"

ಮಗ ಹೋದ ಮನೆಯಲ್ಲಿ ಆ ಇಬ್ಬರೇ ಉಳಿದಿದ್ದರು. ಲಕ್ಷ್ಮಮ್ಮನವರ ಕಣ್ಣಿಗೆ ಬೀಳದ್ದು ಏನೂ ಇರಲಿಲ್ಲ.

* * *

ಆಮೇಲೂ ಮೌನೇಶ ಏನಾದರೊಂದು ತಿದ್ದುವ ನೆಪದಲ್ಲಿ ಬರುತ್ತಲೇ ಇದ್ದ. ಜುಲೈ ಎರಡನೇ ವಾರದಲ್ಲಿ ಅನಂತರಾಮು ಮತ್ತೊಂದು ಸಾಲು ಕೇಳಿದರು. "ನಿಶ್ಚಿತಾರ್ಥ ಆದೋರನ್ನ ಪಟ್ಟಿಯಿಂದ ತೆಗೀಬೇಕಪ್ಪ ಮೌನೇಶ. ಅದಕ್ಕೂ ಒಂದು ತಾರೀಖು ಹಾಕ್ಕೊಡು."

ಮೌನೇಶ ಶುಕ್ರವಾರ ಗಡಿಬಿಡಿಯಲ್ಲಿ ಅದನ್ನು ಸೇರಿಸಿಕೊಟ್ಟ. ಹೊರಡುವಾಗ ಬಾಗಿಲಲ್ಲಿ ನಿಂತ. "ನಾಳೆ ಬರಾಂಗಿಲ್ರಿ. ಸುರಪುರಕ್ಕ ಹೊಂಟೀನಿ. ಮನ್ಯಾಗ ಒಂದು ಕೆಲಸ ಅದ." ಅವನು ಕಿವಿಯವರೆಗೂ ಕೆಂಪಾಗಿದ್ದ. "ಮಂಗಳವಾರ ಬಂದು... ನಿಮಗೊಂದು ಮಾತು ಹೇಳೂದದ."

ಮಂಗಳವಾರ. ಅವಳ ಎದೆ ಆ ಒಂದು ಪದವನ್ನು ಹಿಡಿದುಕೊಂಡಿತು.

ಶನಿವಾರ ಬೀದಿಯ ಮನೆಮನೆಯಲ್ಲೂ ಹೆಂಗಸರು ಗಂಡಂದಿರ ಪಾದ ತೊಳೆದು ಪೂಜೆ ಮಾಡುತ್ತಿದ್ದರು. ಮಧುಶ್ರೀ ತಲೆ ತಗ್ಗಿಸಿಕೊಂಡು ಆ ಬಾಗಿಲುಗಳನ್ನು ದಾಟಿ ಆಫೀಸಿಗೆ ಬಂದಳು. ಒಬ್ಬಳೇ ಕುಳಿತು ಇಪ್ಪತ್ತೆರಡು ಕಾರ್ಡು ತಿದ್ದಿದಳು.

ಆಮೇಲೆ, ಯಾರೂ ಇಲ್ಲವಲ್ಲ ಎಂದು, ಮೊದಲನೇ ನಂಬರಿನ ಕಾರ್ಡು ತೆರೆದಳು.

ಅದು ಮೌನೇಶನದೇ. ಪ್ರೋಗ್ರಾಮ್ ಪರೀಕ್ಷಿಸಲು ಅವನು ತನ್ನದೇ ವಿವರ ತುಂಬಿದ್ದ. ತಾಯಿ ಯಲ್ಲವ್ವ. ವಯಸ್ಸು ಇಪ್ಪತ್ತೊಂಬತ್ತು. ಎತ್ತರ ಐದು ಅಡಿ ಹತ್ತು ಇಂಚು.

'ಹತ್ತಾ?' ಅವಳಿಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ನಿಂತು ನೋಡಿದ್ದಾಳೆ. ಐದು ಎಂಟು ದಾಟುವುದಿಲ್ಲ. ಹತ್ತನ್ನು ಅಳಿಸಿ ಎಂಟು ಮಾಡಿ ಉಳಿಸಿದಳು. ಮಂಗಳವಾರ ನೋಡಿಕೊಳ್ಳಲಿ ಎಂದುಕೊಂಡಳು. ಎಷ್ಟೋ ದಿನದ ಮೇಲೆ, ಬರಲಿರುವ ಒಂದು ದಿನಕ್ಕಾಗಿ ಅವಳು ಕಾಯುತ್ತಿದ್ದಳು.

ಸೋಮವಾರ ಬಂದವಳೇ, ತನ್ನ ತುಂಟತನವನ್ನು ಇನ್ನೊಮ್ಮೆ ನೋಡುವ ಆಸೆಯಿಂದ ಅದೇ ಕಾರ್ಡು ತೆರೆದಳು.

ನಿಶ್ಚಿತಾರ್ಥದ ದಿನಾಂಕ: 17-07-2004.

ಶನಿವಾರ. ಅವನು ಊರಿಗೆ ಹೋದ ದಿನ. ಮನೆಯಲ್ಲಿ ಒಂದು ಕೆಲಸ ಅದ ಅಂದಿದ್ದ... ಕಿವಿ ಕೆಂಪಾಗಿತ್ತು... ಹೇಳುವ ಮಾತು ಇದೇ ಏನು? ಅನಂತರಾಮು ಅವರಿಗೆ ಊರಿಂದ ಫೋನು ಮಾಡಿ ಬರೆಸಿರಬೇಕು.

ಅವಳು ಕಾರ್ಡು ಮುಚ್ಚಿದಳು. ಕೈ ತಣ್ಣಗಾಗಿತ್ತು. ಮೂರು ವರ್ಷದಿಂದ ಗೊತ್ತಿದ್ದ ಚಳಿ ಅದು. ನಡುವೆ ಸ್ವಲ್ಪ ದಿನ ಮರೆತಿತ್ತು, ಅಷ್ಟೆ.

* * *

ಮಂಗಳವಾರ ಮೌನೇಶ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದ. ಕೈಯಲ್ಲಿ ಶೇಂಗಾ ಹೋಳಿಗೆಯ ಪೊಟ್ಟಣ. "ಅವ್ವ ಕಳಿಸ್ಯಾಳ್ರಿ."

"ಶುಭವಾಗಲಿ," ಅಂದಳು ಮಧುಶ್ರೀ. ಪರದೆಯಿಂದ ಕಣ್ಣು ಕೀಳಲಿಲ್ಲ. "ನನಗೆ ವಿಷಯ ಗೊತ್ತಾಯ್ತು."

ಅವನು ಬೆರಗಾದ. "ನಿಮಗ ಹೆಂಗ ಗೊತ್ತಾತ್ರಿ? ಅವ್ವ ಒಪ್ಪಿದ್ಳು ಅಂತ ನಾನ ಹೇಳ್ಬೇಕಂತ ಓಡಿ ಬಂದ್ನಿ..."

"ಅವರು ಒಪ್ಪಿದ್ದು ಸಂತೋಷ. ಆದ್ರೆ ಅದನ್ನ ನನಗ್ಯಾಕೆ ಹೇಳ್ತೀರಿ? ಪ್ರೋಗ್ರಾಮ್ ಕೆಲಸ ಮುಗೀತಲ್ಲ. ಇನ್ನು ನೀವು ಇಲ್ಲಿಗೆ ಬರೋ ಅಗತ್ಯ ಏನೂ ಇಲ್ಲ."

ಹೋಳಿಗೆ ಹಿಡಿದ ಕೈ ಮೆಲ್ಲಗೆ ಕೆಳಗಿಳಿಯಿತು.

"ಹಂಗೇನ್ರಿ..." ಅವನು ಪೊಟ್ಟಣದ ದಾರವನ್ನು ಬಿಗಿಮಾಡಿದ. "ಹುಬ್ಬಳ್ಳಿ ಆಫೀಸಿಗೆ ಒಂದು ವರ್ಷ ಹೋಗು ಅಂತಿದ್ರು. ಒಲ್ಲೆ ಅಂದಿದ್ದೆ. ನಾಳೆ ಹೂಂ ಅಂತೀನಿ."

ಪೊಟ್ಟಣವನ್ನು ಮೇಜಿನ ತುದಿಯಲ್ಲಿಟ್ಟು ಹೊರಟುಹೋದ. ಈ ಸಲ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದ ಸದ್ದು ಅವಳಿಗೆ ಕೊನೆಯವರೆಗೂ ಕೇಳಿಸಿತು.

* * *

"ಹೋಳಿಗೆ ಚೆನ್ನಾಗಿದೆ," ಸಂಜೆ ಲಕ್ಷ್ಮಮ್ಮ ಅಂದರು. "ಕೊಟ್ಟೋರು ಯಾರು? ನೀನ್ಯಾಕೆ ಮುಟ್ಟಲ್ಲ?"

ಮಧುಶ್ರೀ ಹೋಳಿಗೆಯ ಪೊಟ್ಟಣವನ್ನು ಮಡಿಸಿಟ್ಟಳು. ಆಮೇಲೆ ಹೇಳಿದಳು. ತಾರೀಖಿನ ಡಬ್ಬಿ, ಬೈ-ಟೂ ಕಾಫಿ, ಎಲ್ಲ. ಸತ್ತ ಮಗನ ತಾಯಿಯ ಮುಂದೆ ಹೇಳುತ್ತಿದ್ದೇನೆಂಬ ಅಳುಕಿನಿಂದಲೇ ಹೇಳಿದಳು.

"ಬಿಡಿ ಅತ್ತೆ. ಅವರಿಗೆ ನಿಶ್ಚಿತಾರ್ಥ ಆಗಿದೆ."

"ಯಾವತ್ತು?"

"ಶನಿವಾರ."

ಲಕ್ಷ್ಮಮ್ಮ ಸೊಸೆಯ ಮುಖವನ್ನೇ ನೋಡಿದರು. "ಶನಿವಾರ ಭೀಮನ ಅಮಾವಾಸ್ಯೆ ಕಣೇ."

"ಹೂಂ..."

"ಹೂಂ ಏನು? ಆಷಾಢದಲ್ಲಿ, ಅದೂ ಅಮಾವಾಸ್ಯೆ ದಿನ, ಯಾರೇ ನಿಶ್ಚಿತಾರ್ಥ ಮಾಡ್ಕೋತಾರೆ? ನೀನು ಕೆಲಸ ಮಾಡೋದು ಮದುವೆ ಆಫೀಸಲ್ಲೋ ಸೀಮೆಎಣ್ಣೆ ಅಂಗಡೀಲೋ?"

ಮಧುಶ್ರೀ ಬೆರಳು ಮಡಿಸಿ ದಿನ ಎಣಿಸಿದಳು.

ಆ ದಿನ ಬೀದಿಯ ಎಲ್ಲ ಬಾಗಿಲುಗಳನ್ನು ಅವಳು ಕಣ್ಣು ತಪ್ಪಿಸಿ ದಾಟಿದ್ದಳು. ಅದು ಯಾವ ದಿನ ಎಂಬುದನ್ನೂ ಮನಸ್ಸಿನಿಂದ ಹೊರಗೇ ನಿಲ್ಲಿಸಿಬಿಟ್ಟಿದ್ದಳು.

"ಅತ್ತೆ... ನಿಮಗೆ ಬೇಜಾರಿಲ್ವಾ?"

"ಮನೋಜ ನನ್ನ ಮಗ. ಆ ತಾರೀಖು ನನ್ನಿಂದ ಎಲ್ಲಿಗೂ ಹೋಗಲ್ಲ." ಲಕ್ಷ್ಮಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ನೀನು ಅನ್ನದ ಜೊತೆ ನಕ್ಕಿದ್ದು ನನಗೆ ಇಷ್ಟ ಆಗಿತ್ತು. ಬೆಳಿಗ್ಗೆ ಹೋಗಿ ಅದೇನಂತ ಸರಿಯಾಗಿ ನೋಡು."

* * *

ಬುಧವಾರ ಆಫೀಸಿನ ಬೀಗ ತೆಗೆದವಳೇ ಮಧುಶ್ರೀ. ಶನಿವಾರ ತಿದ್ದಿದ ಕಾರ್ಡುಗಳನ್ನು ಒಂದೊಂದಾಗಿ ತೆರೆದಳು.

ಭಾಗ್ಯಜ್ಯೋತಿ, ಬಿ.ಕಾಂ. ನಿಶ್ಚಿತಾರ್ಥ 17-07-2004. ಚಕ್ರಪಾಣಿ, ವಯಸ್ಸು ಐವತ್ತೆರಡು. ನಿಶ್ಚಿತಾರ್ಥ 17-07-2004. ಅದರ ಮುಂದಿನವರಿಗೂ ಅದೇ...

ಮೌನೇಶನೂ ಸೇರಿ ಇಪ್ಪತ್ತಮೂರು ಜನ!

ಮೊದಲಿನ ಡಬ್ಬಿಗೆ ಅವನು ಖಾಲಿ ಇರುವುದನ್ನು ಕಲಿಸಿದ್ದ. ಶುಕ್ರವಾರದ ಗಡಿಬಿಡಿಯಲ್ಲಿ ಸೇರಿಸಿದ ಹೊಸ ಸಾಲಿಗೆ ಮಾತ್ರ ಹಳೆಯ ಡಬ್ಬಿಯನ್ನೇ ಹಾಕಿಬಿಟ್ಟಿದ್ದ. ಅವಳು ಶನಿವಾರ ಉಳಿಸಿದ ಪ್ರತಿಯೊಬ್ಬರಿಗೂ ಅದು ಶನಿವಾರದ ತಾರೀಖು ಹಚ್ಚಿತ್ತು.

ಅಷ್ಟರಲ್ಲಿ ಅನಂತರಾಮು ಬಂದರು. "ಏನಮ್ಮಾ ಇಷ್ಟು ಬೇಗ?"

"ಸಾರ್, ಅಮಾವಾಸ್ಯೆ ದಿನ ಇಪ್ಪತ್ತಮೂರು ನಿಶ್ಚಿತಾರ್ಥ ಮಾಡಿಸಿದೀನಿ. ಒಂದು ಗಂಟೆ ರಜಾ ಕೊಡಿ."

ಅವರು ಬಾಯಿ ತೆರೆಯುವ ಮೊದಲೇ ಅವಳು ಕೆಳಗಿಳಿದು ಆಟೋ ನಿಲ್ಲಿಸಿದ್ದಳು.

ಬಿಟಿಎಂ ಎರಡನೇ ಹಂತದಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ಅವನ ಆಫೀಸು. ಅವಳು ಹತ್ತುತ್ತಿದ್ದ ಮೆಟ್ಟಿಲಲ್ಲೇ ಅವನು ಬ್ಯಾಗು ಹಾಕಿಕೊಂಡು ಇಳಿಯುತ್ತಿದ್ದ.

"ಹುಬ್ಬಳ್ಳಿಗೆ ಹೂಂ ಅಂದ್ರಾ?"

"ಇನ್ನೂ ಇಲ್ರಿ. ಸಾಹೇಬ್ರು ಬಂದಿಲ್ಲ. ನೀವು... ಇಲ್ಲಿ?"

"ಅನ್ಬೇಡಿ." ಅವಳಿಗೆ ಏದುಸಿರು. "ಶನಿವಾರ ನಿಮ್ಮ ನಿಶ್ಚಿತಾರ್ಥ ಮಾಡಿಸಿದ್ದು ನಾನೇ. ನಿಮ್ಮ ಕಾರ್ಡು ತೆಗೆದು ಉಳಿಸಿದೆ. ನಿಮ್ಮ ಹೊಸ ಡಬ್ಬಿ ತಾನೇ ತಾರೀಖು ಹಾಕ್ಕೊಂಡಿದೆ. ನಾನು ನಿಜ ಅಂದ್ಕೊಂಡುಬಿಟ್ಟೆ."

ಮೌನೇಶ ಒಂದು ಕ್ಷಣ ಕಣ್ಣು ಪಿಳುಕಿಸಿದ. ಆಮೇಲೆ ಹಣೆ ಚಚ್ಚಿಕೊಂಡ. "ಅಯ್ಯ ಶಿವನೇ... ಹಳೇ ಡಬ್ಬೀನ ಹಾಕೀನಲ್ರಿ ಅದಕ್ಕ! ಊರಿಗೆ ಹೋಗೂ ಗಡಿಬಿಡಿಯೊಳಗ..."

"ಹಾಗಾದ್ರೆ ನಿಮ್ಮಮ್ಮ ಒಪ್ಪಿದ್ದು ಯಾವುದಕ್ಕೆ?"

ಅವನು ಎರಡು ಮೆಟ್ಟಿಲು ಇಳಿದು ಅವಳ ಸಮಕ್ಕೆ ನಿಂತ.

"ನಿಮ್ಮ ವಿಷಯಕ್ಕ ರೀ. ಗಂಡ ತೀರಿದ ಹೆಣ್ಣುಮಗಳು, ಆಕೀನ್ನ ಮದಿವಿ ಆಗ್ಬೇಕಂತ ಮಾಡೀನಿ ಅಂದೆ. ಅವ್ವ ಒಂದ ಮಾತು ಕೇಳಿದ್ಳು. ಆಕೀಗೆ ನೀ ಬೇಕಾಗೀಯೇನು ಅಂತ. ಗೊತ್ತಿಲ್ಲ ಅಂದೆ. ನಂದೇನೂ ಅಡ್ಡಿಯಿಲ್ಲ, ಮೊದಲ ಹೋಗಿ ಆಕೀನ್ನ ಕೇಳು ಅಂತ ಬೈದು, ಹೋಳಿಗಿ ಕಟ್ಟಿಕೊಟ್ಳು."

ಬೇಕರಿಯಿಂದ ಬಿಸಿ ಬನ್ನಿನ ವಾಸನೆ ಮೇಲಕ್ಕೆ ಬರುತ್ತಿತ್ತು. ಮಧುಶ್ರೀ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕೈ ಬೆಚ್ಚಗಿತ್ತು.

"ಮೌನೇಶ್... ನನ್ನ ಬದುಕಿನ ಕಾರ್ಡಲ್ಲಿ ಒಂದು ತಾರೀಖು ಇದೆ. ನೀವು ನೋಡಿದೀರಿ. ಅದನ್ನ ಅಳಿಸೋಕೆ ನನ್ನ ಕೈಲಿ ಆಗಲ್ಲ."

"ಅಳಸ್ರಿ ಅಂದವರ್ಯಾರು? ಅದರ ಟಿಕ್ ಹಂಗ ಇರ್ಲಿ. ನಾ ಕೇಳೂದು ಅದರ ಕೆಳಗಿನ ಡಬ್ಬಿ."

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

"ಅದಕ್ಕೆ ಇನ್ನೂ ಖಾಲಿ ಇರೋದು ಗೊತ್ತಿಲ್ಲ," ಅಂದಳು. "ಹೋಗಿ ಸರಿಮಾಡಿ. ಇಪ್ಪತ್ತೆರಡು ಜನ ಫೋನ್ ಮಾಡಕ್ಕೆ ಮೊದ್ಲು."

"ಇಪ್ಪತ್ತಮೂರು ಅಲ್ಲೇನ್ರಿ?"

"ಇಪ್ಪತ್ತಮೂರನೆಯವರಿಗೆ ನಾನೇ ತಾರೀಖು ಹಾಕ್ತೀನಿ. ಈಗ ಅಧಿಕ ಮಾಸ. ಒಂದು ತಿಂಗಳು ಒಳ್ಳೇ ದಿನ ಸಿಗಲ್ಲ. ಕಾಯ್ತೀರಾ?"

"ಖಾಲಿ ಇರೂದು ನನಗ ಗೊತ್ತದ ರೀ. ಕಾಯ್ತೀನಿ."

ಇಬ್ಬರೂ ಮೆಟ್ಟಿಲಿಳಿದರು. ಅವನು ಹೆಲ್ಮೆಟ್ಟನ್ನು ಅವಳ ಕೈಗೆ ಕೊಟ್ಟು ಬೈಕು ತೆಗೆದ. ಆಮೇಲೆ ಏನೋ ಹೊಳೆದವನಂತೆ ತಿರುಗಿದ.

"ಅಲ್ರಿ, ಶನಿವಾರ ನನ್ನ ಕಾರ್ಡು ಯಾಕ ತೆಗೆದಿದ್ರಿ?"

"ಎತ್ತರ ತಿದ್ದೋಕೆ. ಐದು ಎಂಟು ಮಾಡಿದೀನಿ."

"ಒಂಬತ್ತಾದ್ರೂ ಮಾಡ್ರಿ."

"ಎಂಟೇ," ಅಂದಳು ಮಧುಶ್ರೀ, ಹಿಂದೆ ಕುಳಿತು ಅವನ ಹೆಗಲು ಹಿಡಿದುಕೊಳ್ಳುತ್ತ. "ನನಗೆ ಅಷ್ಟು ಸಾಕು."