ಬಾವಿ ನೀರಿನಲ್ಲಿ ನೀಲಿ ಚೂರು

"ಇನ್ನೂ ಸ್ವಲ್ಪ ಹಿಂದೆ ಹೋಗಿ," ಎಂದಳು ಅವಳು.

"ಇಷ್ಟು ದೂರ ನಿಲ್ಲಿಸೋಕೆ ನಾನೇನು ತಪ್ಪು ಮಾಡಿದೆ?"

"ತಪ್ಪು ನಿಮ್ಮದಲ್ಲ, ಈ ಕೆಂಪು ಶರ್ಟಿಂದು. ಅದರ ನೂಲು ನನ್ನ ಬಾಟಲಿಗೆ ಬೀಳುತ್ತೆ."

ಅವನು ನಕ್ಕು ಬೇಲಿಯವರೆಗೂ ಸರಿದು ನಿಂತ. ಅವಳು ಮತ್ತೆ ಬಂದದ್ದು ತನ್ನನ್ನು ನೋಡುವುದಕ್ಕೆಂದೇ ಅವನು ತಿಳಿದಿದ್ದ. ಬಾವಿಯ ಮೇಲೆ ಬಾಗಿದ್ದ ಅವಳ ಕೆನ್ನೆಗೆ ಒಂದು ಎಳೆ ಕೂದಲು ಅಂಟಿತ್ತು. ಕೈಯಲ್ಲಿ ಗಾಜಿನ ಬಾಟಲಿ ಇದ್ದುದರಿಂದ ಅವಳು ಕೂದಲನ್ನು ಭುಜದಿಂದಲೇ ಸರಿಸಿಕೊಂಡಳು. ಅವನು ಕಣ್ಣು ಕೀಳಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಅವಳು ನೀರಿನ ಪ್ರಯೋಗಾಲಯದವಳು. ಅಂತರ್ಜಲದಲ್ಲಿ ಪ್ಲಾಸ್ಟಿಕ್ಕಿನ ಸೂಕ್ಷ್ಮ ಚೂರುಗಳಿವೆಯೇ ಎಂದು ಬೀದಿ ಬೀದಿಯ ಬಾವಿಗಳನ್ನು ಪರೀಕ್ಷಿಸುತ್ತಿದ್ದಳು. ಅವನದು ಹಳೆಯ ನೀಲಿ ಡ್ರಮ್ಮುಗಳನ್ನು ಪುಡಿಮಾಡಿ, ತೊಳೆದು ಮಾರುವ ಶೆಡ್ಡು. ತೊಳೆದ ನೀರು ಹಿತ್ತಲಿನ ಇಂಗುಗುಂಡಿಗೆ ಹೋಗುತ್ತಿತ್ತು.

ಹಿಂದಿನ ಸಲ ತುಂಬಿದ ನೀರಿನಲ್ಲಿ ಕೆಂಪು ಎಳೆಗಳಿದ್ದವು, ನೀಲಿ ಚೂರುಗಳೂ ಇದ್ದವು. ಪಕ್ಕದಲ್ಲೇ ನಿಂತು ಹರಟುತ್ತಿದ್ದ ಅವನ ಬಟ್ಟೆಯಿಂದಲೇ ಎಲ್ಲವೂ ಬಿದ್ದಿರಲಿ ಎಂದು ಅವಳು ಆಸೆಪಟ್ಟಿದ್ದಳು. ಈ ಸಲ ಮೈಕ್ರೋಸ್ಕೋಪಿನಲ್ಲಿ ಕೆಂಪು ಎಳೆ ಒಂದೂ ಕಾಣಲಿಲ್ಲ. ನೀಲಿ ಚೂರುಗಳು ಹಾಗೇ ಇದ್ದವು.

ಇಲಾಖೆಯ ನೋಟಿಸು ಬರುವ ಮೊದಲೇ ಹೇಳಬೇಕೆಂದು ಅವಳು ಶೆಡ್ಡಿಗೆ ಹೋದಳು. ಅವನು ಯಂತ್ರ ನಿಲ್ಲಿಸಿ ಕೇಳಿಸಿಕೊಂಡ.

"ನಮ್ಮ ಬಾವಿ ಒಂದೇನಾ?"

"ಎದುರುಮನೆಯದ್ರಲ್ಲೂ ಇದೆ. ಅದರಾಚೆಯವುಗಳಲ್ಲೂ."

"ನಮ್ಮ ಅತ್ತಿಗೆ ಬಸುರಿ. ಅವರು ಕುಡಿಯೋದೂ ಅದೇ ನೀರು. ಏನಾಗುತ್ತೆ?"

"ಗೊತ್ತಿಲ್ಲ. ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಸುಮ್ಮನೆ ಧೈರ್ಯ ಹೇಳಲಾರೆ."

ಅವನ ಮುಖ ಬಿಗಿಯಿತು. "ಬೇರೆ ಎಲ್ಲಿಂದಾದ್ರೂ ಒಂದು ಬಾಟಲಿ ತುಂಬಿಸಿ ಕೊಟ್ಟುಬಿಡಿ. ಇದು ನಮ್ಮಪ್ಪ ಕಟ್ಟಿದ ಶೆಡ್ಡು. ನನಗೋಸ್ಕರ ಇಷ್ಟು ಮಾಡಲ್ವಾ?"

"ನಿಮಗೋಸ್ಕರಾನೇ ಎರಡನೇ ಸಲ ಬಂದಿದ್ದು," ಎಂದಳು. "ಮೊದಲನೇ ಸಲಾನೇ ವರದಿ ಬರೆದು ಕೈ ತೊಳ್ಕೋಬಹುದಿತ್ತು."

ಅವಳು ಹೊರಟುಹೋದಳು.

ಮರುದಿನ ಅವಳು ಬೀದಿಯವರಿಗೆ ವಿಷಯ ತಿಳಿಸಲು ಬಂದಳು. ಶೆಡ್ಡಿನ ಸದ್ದಿರಲಿಲ್ಲ. ಅವನು ಎದುರುಮನೆಯ ಗೇಟಿನಲ್ಲಿ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದ ಮುದುಕಿಯ ಮುಂದೆ ನಿಂತಿದ್ದ.

"ನಮ್ಮ ಶೆಡ್ಡಿಂದಾನೇ, ಚಿಕ್ಕಮ್ಮ. ಗುಂಡಿ ಮುಚ್ಚಿಸ್ತಿದ್ದೀನಿ. ತೊಳೆದ ನೀರಿಗೆ ಸರಿಯಾದ ವ್ಯವಸ್ಥೆ ಆಗೋವರೆಗೂ ಯಂತ್ರ ಬಂದ್. ಕುಡಿಯೋಕೆ ಟ್ಯಾಂಕರ್ ನಾನೇ ತರಿಸ್ತೀನಿ."

"ನಿಮ್ಮಪ್ಪ ಒಪ್ಪಿದ್ರಾ?"

"ಇಲ್ಲ. ಬೆಳಿಗ್ಗೆಯಿಂದ ಮಾತು ಬಿಟ್ಟಿದ್ದಾರೆ."

ಮುದುಕಿಯ ಕಣ್ಣು ಅವನ ಹಿಂದೆ ಹೋಯಿತು. "ಈ ಹುಡುಗಿ ಯಾರು?"

ಅವನು ತಿರುಗಿದ. ನಿದ್ದೆಯಿಲ್ಲದ ಕಣ್ಣುಗಳು ಅವಳ ಮೇಲೆ ನೆಟ್ಟವು.

"ನೀರು ಪರೀಕ್ಷೆ ಮಾಡೋರು," ಎಂದ. "ನಾನು ಮದುವೆ ಆಗಬೇಕು ಅಂದ್ಕೊಂಡಿರೋರು. ಅವರನ್ನ ಇನ್ನೂ ಕೇಳಿಲ್ಲ. ನಿನ್ನೆ ಆಡಿದ ಮಾತಿಗೆ ಮೊದಲು ಕ್ಷಮೆ ಕೇಳಬೇಕು."

"ಬೀದಿಗೆಲ್ಲ ವಿಷ ಕುಡಿಸಿ ಈಗ ಮದುವೆ ಮಾತು," ಎಂದು ಗೊಣಗಿದ ಮುದುಕಿ ಗೇಟು ಹಾಕಿಕೊಂಡಳು.

ಅವನು ಗೇಟಿನ ಮುಂದೆಯೇ ಸಪ್ಪಗೆ ನಿಂತ. ಅವಳು ಹತ್ತಿರ ಬಂದಳು.

"ಇನ್ನೂ ಎಷ್ಟು ಮನೆ ಇದೆ?"

"ಬೀದಿ ಪೂರ್ತಿ. ಎಲ್ಲರೂ ಹೀಗೇ ಬೈತಾರೆ."

"ಬೈಯಲಿ," ಎಂದು ಅವಳು ಅವನ ಬೆರಳುಗಳನ್ನು ಹಿಡಿದುಕೊಂಡಳು. "ನಡಿ, ನಾನೂ ಬರ್ತೀನಿ."