ತಣ್ಣಗಿದ್ದ ಬಾಯ್ಲರ್

ಬೆಳಿಗ್ಗೆ ಏಳಕ್ಕೆ ಎಂಜಿನ್ ಶೆಡ್ಡಿನಿಂದ ಅಮೃತ್ ಕೂಗಿಕೊಂಡ.

"ಹೇಮಕ್ಕಾ, ಎಂಜಿನ್ನಿನ ಸೀಟಿ ಇಲ್ಲ! ಬೀಗ ಒಡೆದಿದ್ದಾರೆ!"

ಕ್ಯಾಂಟೀನಿನ ಒಲೆ ಆರಿಸಿ ಹೇಮಲತಾ ಓಡಿದಳು.

ಇಂಗ್ಲೆಂಡಿನ ಶೆಫೀಲ್ಡಿನ ಹೊರಗಿನ ಆ ಪುಟ್ಟ ಹಳಿಯ ಮೇಲೆ ಭಾನುವಾರ ಮಾತ್ರ ರೈಲು. ನಡೆಸುವವರೆಲ್ಲ ಹವ್ಯಾಸಿಗಳು. ಅರವತ್ತೆರಡನೇ ನಂಬರಿನ ಉಗಿ ಎಂಜಿನ್ ಒಂದು ಕಾಲಕ್ಕೆ ಗಣಿಯಿಂದ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಎಳೆದದ್ದು. ಗುಜರಿಯಲ್ಲಿ ತುಕ್ಕು ತಿನ್ನುತ್ತಿದ್ದ ಅದನ್ನು ಶಿವರಾಜ್ ಮತ್ತು ರಊಫ್ ಹನ್ನೊಂದು ವರ್ಷ ತಿಕ್ಕಿ, ಬೆಸೆದು ಎಬ್ಬಿಸಿದ್ದರು. ಬಾಯ್ಲರಿನ ಪರವಾನಗಿ ಇವತ್ತಿಗೆ ಮುಗಿಯುತ್ತದೆ. ನಾಳೆಯಿಂದ ಎಂಜಿನ್ ಮ್ಯೂಸಿಯಮ್ಮಿಗೆ. ಇವತ್ತಿನ ಕೊನೆಯ ಓಟಕ್ಕೆ ಶಿವರಾಜನೇ ಡ್ರೈವರ್. ಅವನಿಗೂ ಇನ್ನು ಕೆಲವೇ ವಾರ ಎಂದಿದ್ದರು ಡಾಕ್ಟರು.

"ಸೀಟಿ ಇಲ್ಲದೆ ಓಡಿಸೋ ಹಾಗಿಲ್ಲ," ಮ್ಯಾನೇಜರ್ ಅಮೃತ್ ತಲೆ ಚಚ್ಚಿಕೊಂಡ. "ಹೋದ ತಿಂಗಳು ಚರ್ಚಿನ ಮಾಡಿಗೆ ಹೊದಿಸಿದ್ದ ಸೀಸದ ತಗಡು ಕದ್ದು ಮಾರಿದರಲ್ಲ, ಅವರದ್ದೇ ಕೆಲಸ. ಪೊಲೀಸ್‌ಗೆ ಫೋನ್ ಮಾಡ್ತೀನಿ."

"ಹತ್ತು ನಿಮಿಷ ತಡಿ ಮಾರಾಯ."

ಹೇಮಲತಾ ಏಣಿ ಹತ್ತಿದಳು. ಸೀಟಿ ಇದ್ದ ಪೈಪಿನ ಬಾಯಿಗೆ ಎಣ್ಣೆಬಟ್ಟೆ ಸುತ್ತಿದ ಮರದ ಬಿರಡೆ. ಪಕ್ಕದ ಡಬ್ಬಿಯಲ್ಲಿ ಗ್ರೀಸ್ ಸವರಿದ ನಟ್ಟುಗಳು.

ಇಳಿಯುವಾಗ ಬಾಯ್ಲರಿನ ಮೇಲೆ ಅಂಗೈ ಇಟ್ಟಳು. ಮೂವತ್ತು ವರ್ಷ ವಾರ್ಡಿನಲ್ಲಿ ನರ್ಸ್ ಆಗಿ ಹಣೆ ಮುಟ್ಟಿದ ಕೈ. ಅಲ್ಲೇ ನಿಂತುಬಿಟ್ಟಳು.

* * *

ರಊಫ್ ಕ್ಯಾಂಟೀನಿನಲ್ಲಿ ಕೂತಿದ್ದ. ಚಹಾ ಕೆನೆಗಟ್ಟಿತ್ತು.

"ನಿನ್ನೆ ಬೆಂಕಿ ಹಾಕಿದ್ಯಾ ರಊಫ್?"

"ಹಾಕ್ದೆ ಅಕ್ಕಾ, ಸಂಜೆ ಐದಕ್ಕೆ. ರಾತ್ರಿಯೆಲ್ಲಾ ನೀರು ಕಾಯ್ಬೇಕಲ್ಲ."

"ನಾನು ಮುಟ್ಟಿ ನೋಡ್ದೆ. ಹೆಣದ ಹಾಗೆ ತಣ್ಣಗಿದೆ."

ಅವನು ಚಹಾದ ಕೆನೆಯನ್ನು ಚಮಚದಿಂದ ಬದಿಗೆ ಸರಿಸಿದ.

"ಸೀಟಿ ಹೋಗಿದ್ದು ನಮಗೆ ಗೊತ್ತಾಗಿದ್ದು ಇವತ್ತು. ಓಟ ಇಲ್ಲ ಅಂತ ನಿನಗೆ ನಿನ್ನೇನೇ ಗೊತ್ತಿತ್ತು. ಇನ್ನೊಂದು. ಹಿತ್ತಾಳೆ ಸೀಟಿ ಕದಿಯೋನು ಪೈಪಿಗೆ ಬಿರಡೆ ಹಾಕ್ತಾನಾ? ಶೆಡ್ಡಿನ ಮಾಡು ಸೋರುತ್ತೆ, ಪೈಪಿನೊಳಗೆ ಮಳೆನೀರು ಹೋದೀತು ಅನ್ನೋ ಚಿಂತೆ ಕಳ್ಳನಿಗ್ಯಾಕೆ? ನಟ್ಟಿಗೆ ಗ್ರೀಸ್ ಬೇರೆ!"

"ಕೈಗೆ ಅಭ್ಯಾಸ ಅಕ್ಕಾ..."

"ನಮ್ಮನ್ನ ನಂಬಿಸೋಕಾದ್ರೂ ಬೆಂಕಿ ಹಾಕ್ಬಹುದಿತ್ತು. ಹಾಕ್ಲಿಲ್ಲ. ಅಂದ್ರೆ ಹಾಕೋ ಹಾಗಿರಲಿಲ್ಲ. ಏನಾಗಿದೆ ಅವಳಿಗೆ, ಆ ಎಂಜಿನ್ನಿಗೆ?"

ರಊಫ್ ಮುಖ ಒರೆಸಿಕೊಂಡ.

"ಬೆಂಕಿಗೂಡಿನೊಳಗೆ ಬಿರುಕು. ನಿನ್ನೆ ಟಾರ್ಚ್ ಹಾಕಿ ನೋಡ್ದೆ. ಉಗಿ ತುಂಬಿದ್ರೆ ಸಿಡೀಬಹುದು."

"ಹೇಳ್ಬಹುದಿತ್ತಲ್ಲೋ."

"ಯಾರಿಗೆ? ಶಿವೂಗಾ? ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು, ಒಂದೇ ಒಂದ್ಸಲ ಇವಳನ್ನ ಓಡಿಸ್ಬೇಕು ಸಾಹೇಬ್ರೇ ಅಂದ. ನಿನಗಿಂತ ಮುಂಚೆ ಇವಳೇ ಹೋದ್ಲು ಅಂತ ಯಾವ ಬಾಯಲ್ಲಿ ಹೇಳ್ಲಿ? ಕಳ್ಳನಾದ್ರೆ ಅವನನ್ನ ಬಯ್ಕೊಂಡಾದ್ರೂ ಇರ್ತಾನೆ ಅಂತ..."

"ಬರೋವಾಗ ದಾರಿಯುದ್ದಕ್ಕೂ ಬಯ್ದಾಯ್ತು."

ಬಾಗಿಲಲ್ಲಿ ಶಿವರಾಜ್. ಕೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದ. ಅಮೃತ್ ತಡೆಯಲಾರದೆ ಅವನಿಗೆ ಫೋನ್ ಮಾಡಿದ್ದ.

* * *

ಇಬ್ಬರು ಹಿಡಿದು ಅವನನ್ನು ಎಂಜಿನ್ನಿಗೆ ಹತ್ತಿಸಿದರು. ಬೆಂಕಿಗೂಡಿನೊಳಗೆ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದ.

"ಸರಿಯಾಗೇ ನೋಡಿದ್ದೀರ. ನಾನಾಗಿದ್ರೂ ಬೆಂಕಿ ಹಾಕ್ತಿರ್ಲಿಲ್ಲ. ಕಳ್ಳತನ ಮಾತ್ರ ನಿಮಗೆ ಬರಲ್ಲ, ಸಾಹೇಬ್ರೇ."

ರಊಫ್ ಊಟದ ಚೀಲದಿಂದ ಸೀಟಿ ತೆಗೆದ. ಹೆಂಡತಿ ದಿಲ್ಶಾದಳ ಹಳೇ ದುಪಟ್ಟಾದಲ್ಲಿ ಸುತ್ತಿಟ್ಟಿದ್ದ. ಪೈಪಿಗೆ ಕೂರಿಸಿ, ವರ್ಕ್‌ಶಾಪಿನ ಗಾಳಿಪಂಪಿನ ಕೊಳವೆ ಜೋಡಿಸಿದ.

ಶಿವರಾಜ್ ಸರಪಳಿ ಎಳೆದ. ಉಗಿಯಿಲ್ಲದ ಸೀಟಿ, ತೆಳ್ಳಗೆ ಕೂಗಿ, ನಡುವೆಯೇ ಉಸಿರು ಕಟ್ಟಿ ನಿಂತಿತು. ಕಣಿವೆಯಿಂದ ಪ್ರತಿಧ್ವನಿಯೂ ಬರಲಿಲ್ಲ.

ಅಮೃತ್ ಪೊಲೀಸರಿಗೆ ಫೋನ್ ಮಾಡಲಿಲ್ಲ. ಶೆಡ್ಡಿನ ಮಾಡಿನಿಂದ ಮಳೆಯ ಒಂದೊಂದೇ ಹನಿ ಬೀಳತೊಡಗಿತು. ಶಿವರಾಜ್ ಮೇಲೆ ನೋಡಿದ.

"ಸೀಟಿ ತೆಗೆದು ಬಿರಡೆ ವಾಪಸ್ ಹಾಕಿಬಿಡಿ ಸಾಹೇಬ್ರೇ," ಎಂದ. "ಒಳಗೆ ನೀರು ಹೋಗ್ಬಾರ್ದು."